ಸೇನೆಯಿಂದ ಹೊರಬಂದ ಹಳೆಯ ರಿವಾಲ್ವರ್‌ಗಳ ಸಂಗ್ರಹ: ಸಮಗ್ರ ಮಾರ್ಗದರ್ಶಿ

ಸೇನೆಗೆ ಬೇಡವಾಗಿ ಹೊರಬಂದ ರಿವಾಲ್ವರ್ ಸಾಮಾನ್ಯವಾಗಿ ಎರಡು ಬಗೆಯ ರಿಪೇರಿ ಕಂಡಿರುತ್ತದೆ. ಒಂದು ಸೇನೆಯ ಕಾರ್ಖಾನೆಯೇ ಮಾಡಿದ್ದು: ಸವೆದ ಭಾಗ ಬದಲಿಸಿ, ಹೊಸದಾಗಿ ಬಣ್ಣ ಕಟ್ಟಿ (ಉಕ್ಕಿನ ಮೈಯನ್ನೇ ನೀಲಿಗಟ್ಟಿಸಿ), ಮುದ್ರೆ ಹೊಡೆದು ಮತ್ತೆ ಉಗ್ರಾಣಕ್ಕೆ ಸೇರಿಸಿದ್ದು. ಇನ್ನೊಂದು ಮಾರುಕಟ್ಟೆಗೆ ಬಂದ ಮೇಲೆ ವ್ಯಾಪಾರಿಯೋ ಹಿಂದಿನ ಮಾಲೀಕನೋ ಚೆಂದ ಕಾಣಲೆಂದು ಮಾಡಿದ್ದು. ಮೊದಲನೆಯದು ಆಯುಧದ ಚರಿತ್ರೆಯದೇ ಒಂದು ಪುಟ. ಎರಡನೆಯದು ಆ ಪುಟವನ್ನು ಉಜ್ಜಿ ಅಳಿಸಿದ ಕೆಲಸ. ಇವೆರಡನ್ನು ಬೇರೆ ಮಾಡಿ ನೋಡಲು ಕಲಿಯುವುದೇ ಈ ಹವ್ಯಾಸದ ಮುಖ್ಯ ವಿದ್ಯೆ. ಕೊಳ್ಳುವಾಗ ಏನು ನೋಡಬೇಕು, ಮನೆಗೆ ತಂದ ಮೇಲೆ ಎಷ್ಟು ಮುಟ್ಟಬೇಕು, ಎಲ್ಲಿ ಕೈ ಕಟ್ಟಿ ಕೂರಬೇಕು ಎಂಬುದೆಲ್ಲ ಅದರಿಂದಲೇ ತೀರ್ಮಾನವಾಗುತ್ತದೆ.

ಕಾನೂನು: ಎಲ್ಲಕ್ಕಿಂತ ಮೊದಲು

ವಯಸ್ಸಾಯಿತೆಂದು ಪರವಾನಗಿಯಿಂದ ವಿನಾಯಿತಿ ಪಡೆದ ಆಯುಧವೇ ‘ಆಂಟಿಕ್’. ಆದರೆ ಆ ಮಾತಿಗೆ ಊರೂರಿಗೆ ಬೇರೆ ಅರ್ಥ. ಅಮೆರಿಕದ ಒಕ್ಕೂಟ ಕಾನೂನು ನೋಡುವುದು ತಯಾರಾದ ವರ್ಷವನ್ನು. 1898ರಲ್ಲಿ ಅಥವಾ ಅದಕ್ಕೂ ಮೊದಲು ತಯಾರಾಗಿದ್ದರೆ ಆಂಟಿಕ್. ಕೆನಡಾದಲ್ಲಿ ಗಡಿ 1898ಕ್ಕೆ ಮುಂಚೆ, ಅದೂ ಕೆಲವು ತೋಟಾ ಅಳತೆಗಳನ್ನು ಹೊರಗಿಟ್ಟು. ಫ್ರಾನ್ಸ್‌ನಲ್ಲಿ, ಕೆಲವು ಅಪವಾದ ಬಿಟ್ಟರೆ, 1900ಕ್ಕೆ ಮುಂಚಿನ ಮಾದರಿಯೇ ಎಂಬುದು ಪ್ರಶ್ನೆ. ಬ್ರಿಟನ್ನಿನ 2021ರ ನಿಯಮದಂತೆ 1939ರ ಸೆಪ್ಟೆಂಬರ್ 1ಕ್ಕೆ ಮೊದಲು ತಯಾರಾಗಿರಬೇಕು, ಜೊತೆಗೆ ತೋಟಾದ ಅಳತೆ ‘ಬಳಕೆ ತಪ್ಪಿದ್ದು’ ಎಂಬ ಪಟ್ಟಿಯಲ್ಲಿರಬೇಕು. ಅದೇ ನಿಯಮ .44 ರಷ್ಯನ್, 10.6 ಮಿ.ಮೀ. ಜರ್ಮನ್, 11 ಮಿ.ಮೀ. ಫ್ರೆಂಚ್ ಸೇರಿದಂತೆ ಏಳು ಅಳತೆಗಳನ್ನು ಆ ಪಟ್ಟಿಯಿಂದ ತೆಗೆದುಹಾಕಿತು. ಅಲ್ಲಿಯವರೆಗೆ ಗೋಡೆಯಲ್ಲಿ ನಿಶ್ಚಿಂತೆಯಿಂದ ತೂಗುತ್ತಿದ್ದ ಎಷ್ಟೋ ರಿವಾಲ್ವರ್‌ಗಳಿಗೆ ಪರವಾನಗಿ ಬೇಕಾಯಿತು. ಬಹಳಷ್ಟು ದೇಶಗಳಲ್ಲಂತೂ ವಯಸ್ಸಿನ ವಿನಾಯಿತಿಯೇ ಇಲ್ಲ, ಅಥವಾ ಗುಂಡು ಹಾರಿಸಲಾರದ ಸ್ಥಿತಿಯಲ್ಲಿರುವುದಕ್ಕೆ ಮಾತ್ರ ಇದೆ.

ಆದ್ದರಿಂದ ಹಣ ಕೊಡುವ ಮೊದಲು ಮಾಡಬೇಕಾದ ಕೆಲಸ ಹೀಗೆ. ನಿಮ್ಮ ದೇಶದ ಕಾನೂನಿನ ಮೂಲ ಪಾಠ ಓದಿ. ಅದು ಎಣಿಸುವುದು ಮಾದರಿಯ ವರ್ಷವನ್ನೋ ತಯಾರಿಕೆಯ ವರ್ಷವನ್ನೋ ತೋಟಾದ ಅಳತೆಯನ್ನೋ ಗುರುತಿಸಿ. ಸಂಶಯವಿದ್ದರೆ ಪರವಾನಗಿ ಕೊಡುವ ಅಧಿಕಾರಿಯಿಂದ ಲಿಖಿತ ಉತ್ತರ ಪಡೆಯಿರಿ. ಮಾರುವವನ ಬಾಯಿಮಾತು ಉತ್ತರವಲ್ಲ. ಗಡಿ ದಾಟಿಸುವುದಿದ್ದರೆ ಎರಡೂ ದೇಶಗಳ ಅನುಮತಿ ಕೈಗೆ ಬಂದ ಮೇಲೆಯೇ ಪಾವತಿ. ನಿಷ್ಕ್ರಿಯಗೊಳಿಸಿದ ಆಯುಧವಾದರೆ ಪ್ರಮಾಣಪತ್ರದ ಸಂಖ್ಯೆ ಆಯುಧದ ಮೇಲಿನ ಗುರುತಿಗೆ ತಾಳೆಯಾಗಬೇಕು. ಅದನ್ನು ಮತ್ತೆ ಜೀವಂತ ಮಾಡುವ ಯೋಚನೆಯೇ ಬೇಡ, ಅದು ಅಪರಾಧ.

ಎಲ್ಲಿಂದ ಶುರು ಮಾಡುವುದು

ಸಿಕ್ಕಿದ್ದನ್ನೆಲ್ಲ ಕೊಂಡರೆ ಕಪಾಟು ತುಂಬುತ್ತದೆ, ಸಂಗ್ರಹವಾಗುವುದಿಲ್ಲ. ಒಂದು ಎಳೆ ಹಿಡಿಯಿರಿ: ಒಂದೇ ದೇಶದ ಮಾದರಿಗಳು, ಒಂದೇ ಮಾದರಿಯ ಬೇರೆ ಬೇರೆ ಕಾರ್ಖಾನೆಗಳು, ಅಥವಾ ಒಂದು ಯಾಂತ್ರಿಕ ಪ್ರಶ್ನೆಗೆ ನಾನಾ ಸೇನೆಗಳು ಕಂಡುಕೊಂಡ ಉತ್ತರಗಳು. ಮೂರನೆಯದು ಹೆಚ್ಚು ರುಚಿಕಟ್ಟಾದದ್ದು. ಖಾಲಿ ತೋಟಾಗಳನ್ನು ಹೊರಹಾಕುವುದೊಂದನ್ನೇ ತೆಗೆದುಕೊಳ್ಳಿ. ಜರ್ಮನಿಯ 1879 ಮತ್ತು 1883ರ ಮಾದರಿಗಳಲ್ಲಿ ಅದಕ್ಕೆ ಕಡ್ಡಿಯೇ ಇಲ್ಲ. ಫ್ರಾನ್ಸ್‌ನ 1873ರ ಮಾದರಿಯಲ್ಲಿ ಪಕ್ಕದಲ್ಲೊಂದು ಕಡ್ಡಿ. ಬ್ರಿಟನ್ನಿನ ವೆಬ್ಲಿ ನಡು ಮುರಿದು ಬಾಗಿದರೆ ಆರೂ ಒಟ್ಟಿಗೆ ಹೊರಕ್ಕೆ. ಫ್ರಾನ್ಸ್‌ನ 1892ರದರಲ್ಲಿ ತೋಟಾ ತುಂಬುವ ಸಿಲಿಂಡರ್ ಬಲಕ್ಕೆ ತೆರೆಯುತ್ತದೆ, ಅಮೆರಿಕದ ಕೋಲ್ಟ್‌ನಲ್ಲಿ ಎಡಕ್ಕೆ.

ಮೊದಲ ರಿವಾಲ್ವರ್ ಆಗಿ ರಷ್ಯಾದ ನಗಾಂ 1895 ಅಥವಾ ಬ್ರಿಟನ್ನಿನ ಎನ್‌ಫೀಲ್ಡ್ ನಂಬರ್ 2 ಆರಿಸಿಕೊಳ್ಳುವುದು ಜಾಣತನ. ಎರಡೂ ಭಾರಿ ಸಂಖ್ಯೆಯಲ್ಲಿ ತಯಾರಾದವು. ಮೈತುಂಬ ಮುದ್ರೆಗಳಿರುವುದರಿಂದ ಓದು ಕಲಿಯಲು ಒಳ್ಳೆಯ ಬಾಲಬೋಧೆ. ನಗಾಂ ಬೆಲ್ಜಿಯಂನ ಲಿಯೇಜ್‌ನಲ್ಲಿ ಹುಟ್ಟಿ, 1898ರಿಂದ ರಷ್ಯಾದ ತುಲಾದಲ್ಲಿ ತಯಾರಾಯಿತು; ಎರಡನೇ ಮಹಾಯುದ್ಧದ ಕಾಲದಲ್ಲಿ ಇಝೆವ್‌ಸ್ಕ್‌ನಲ್ಲೂ ಆಯಿತು. ಏಳು ತೋಟಾ ಹಿಡಿಯುತ್ತದೆ. ತೋಟಾಗೆ ಬಡಿಯುವ ಹ್ಯಾಮರ್ ಅನ್ನು ಹಿಂದಕ್ಕೆ ಎಳೆದಾಗ ಸಿಲಿಂಡರ್ ಮುಂದೆ ಸರಿದು ನಳಿಗೆಯ ಹಿಂಬದಿಗೆ ಅಂಟಿಕೊಳ್ಳುತ್ತದೆ, ತೋಟಾದ ಬಾಯಿಯೇ ನಡುವಿನ ಸಂದನ್ನು ಮುಚ್ಚುತ್ತದೆ. ಇಷ್ಟು ಜಾಣತನಕ್ಕೆ ತೆತ್ತ ಬೆಲೆ ಎಂದರೆ ಟ್ರಿಗರ್ ಬಿಗಿ. ಒಂದೇ ಎಳೆತಕ್ಕೆ ಹೊಡೆಯಲು ಹೋದರೆ ಬೆರಳು ಸೋಲುತ್ತದೆ. ಎನ್‌ಫೀಲ್ಡ್ ನಂಬರ್ 2 ಸೇವೆಗೆ ಬಂದದ್ದು 1932ರಲ್ಲಿ. 1938ರ ‘ಮಾರ್ಕ್ 1 ಒಂದು ಚುಕ್ಕಿ’ಯಲ್ಲಿ ಹ್ಯಾಮರ್‌ನ ಬಾಲ ಕತ್ತರಿಸಿ ಟ್ರಿಗರ್‌ನಿಂದ ಮಾತ್ರ ಹೊಡೆಯುವಂತೆ ಮಾಡಿದರು. 1942ರ ‘ಎರಡು ಚುಕ್ಕಿ’ಯಲ್ಲಿ ಕೆಲಸ ಉಳಿಸಲೆಂದು ಹ್ಯಾಮರ್ ತಡೆಯನ್ನೂ ಬಿಟ್ಟುಬಿಟ್ಟರು, ಕೆಳಗೆ ಬಿದ್ದರೆ ಗುಂಡು ಹಾರುವ ಅಪಾಯವಿದ್ದುದರಿಂದ ಯುದ್ಧದ ನಂತರ ವಾಪಸು ತರಿಸಿ ಬದಲಿಸಿದರು. ಬದಲಾಗದೆ ಉಳಿದವು ಅದಕ್ಕೇ ಅಪರೂಪ.

ಬೇಕಾದ ಸಲಕರಣೆ

ಹತ್ತು ಪಟ್ಟು ದೊಡ್ಡದಾಗಿಸುವ ಭೂತಗನ್ನಡಿ, ನಳಿಗೆಯೊಳಕ್ಕೆ ಬಿಡಬಹುದಾದ ಸಣ್ಣ ಎಲ್‌ಇಡಿ ದೀಪ, ವರ್ನಿಯರ್ ಕ್ಯಾಲಿಪರ್, ಸಂದು ಅಳೆಯಲು 0.05 ಮಿ.ಮೀ.ನಿಂದ ಶುರುವಾಗುವ ಫೀಲರ್ ಗೇಜ್, ಹಿತ್ತಾಳೆ ಅಥವಾ ಮರದ ಕಡ್ಡಿ, ನೈಟ್ರೈಲ್ ಕೈಗವಸು, ಹತ್ತಿ ಬಟ್ಟೆ. ಇವಿಷ್ಟು ನೋಡುವುದಕ್ಕೆ. ಬಿಚ್ಚುವುದಕ್ಕೆ ಬೇಕಾದ್ದು ಬಂದೂಕಿನ ಕೆಲಸಕ್ಕೆಂದೇ ಸಮದಪ್ಪ ಅಲಗಿನಿಂದ ಮಾಡಿದ ಸ್ಕ್ರೂಡ್ರೈವರ್ ಸೆಟ್. ಮನೆಯ ಸ್ಕ್ರೂಡ್ರೈವರ್‌ನ ಅಲಗು ತುದಿಗೆ ಹೋದಂತೆ ತೆಳುವಾಗುತ್ತದೆ. ತಿರುಗಿಸಿದಾಗ ಅದು ಸ್ಕ್ರೂವಿನ ಸೀಳಿನಿಂದ ಮೇಲಕ್ಕೆ ಜಾರಿ ಸ್ಕ್ರೂವಿನ ತಲೆಯನ್ನೂ ಪಕ್ಕದ ಲೋಹವನ್ನೂ ಗೀರುತ್ತದೆ. ನೂರು ವರ್ಷ ಹಾಳಾಗದೆ ಬಂದ ತಲೆಯನ್ನು ಕೆಡಿಸಲು ಅರ್ಧ ಸೆಕೆಂಡು ಸಾಕು.

ಮೊದಲು ಖಾಲಿಯೇ ನೋಡಿ

ಯಾರು ಏನೇ ಹೇಳಲಿ, ಕೈಗೆ ಬಂದ ಕ್ಷಣ ತುಂಬಿದೆ ಎಂದೇ ತಿಳಿಯಿರಿ. ನಳಿಗೆಯ ಬಾಯಿ ಯಾರ ಕಡೆಗೂ ಇರಬಾರದು, ಬೆರಳು ಟ್ರಿಗರ್‌ನಿಂದ ಹೊರಗೆ.

ನಡು ಬಾಗುವ ವೆಬ್ಲಿ, ಎನ್‌ಫೀಲ್ಡ್, ಜಪಾನಿನ ಟೈಪ್ 26ರಂಥವನ್ನು ಪೂರ್ತಿ ತೆರೆದು ಸಿಲಿಂಡರ್‌ನಲ್ಲಿ ತೋಟಾ ಕೂರುವ ಪ್ರತಿ ಗೂಡನ್ನೂ ಬೆಳಕಿಗೆ ಹಿಡಿಯಿರಿ. ಪಕ್ಕದ ಬಾಗಿಲಿನಿಂದ ತುಂಬುವ ನಗಾಂ, ಜರ್ಮನ್, ಸ್ವಿಸ್, ಫ್ರೆಂಚ್ 1873ರಲ್ಲಿ ಒಂದೊಂದೇ ಗೂಡು ಕಾಣುತ್ತದೆ. ಸಿಲಿಂಡರ್ ತಿರುಗಿಸುತ್ತಾ ಬಾಯಿಬಿಟ್ಟು ಎಣಿಸಿ, ನಗಾಂನಲ್ಲಿ ಏಳಕ್ಕೆ ನಿಲ್ಲಿಸದೆ ಎಂಟರವರೆಗೆ ಹೋಗಿ. ಬಳಿಕ ನಳಿಗೆಯೊಳಗೆ ಕಡ್ಡಿ ಬಿಟ್ಟು ತಡೆ ಇಲ್ಲವೆಂದು ಖಚಿತಪಡಿಸಿಕೊಳ್ಳಿ. ತೋಟಾಗಿಂತ ಹಿಂದಿನ ಕಾಲದ, ಮದ್ದು ಸುರಿದು ಕಿಡಿ ಕೊಡುವ ಕ್ಯಾಪ್ ಇಡುವ ರಿವಾಲ್ವರ್‌ಗಳು ನಿಜಕ್ಕೂ ಅಪಾಯಕಾರಿ. ಕ್ಯಾಪ್ ಇಲ್ಲದಿದ್ದರೂ ಗೂಡಿನೊಳಗೆ ಮದ್ದು, ಗುಂಡು ಹಾಗೇ ಉಳಿದಿರಬಹುದು, ಕರಿಮದ್ದು ಒಣಗಿದ್ದರೆ ಎಷ್ಟು ಕಾಲವಾದರೂ ಉರಿಯುತ್ತದೆ. ಪ್ರತಿ ಗೂಡಿಗೂ ಕಡ್ಡಿ ಬಿಟ್ಟು ಆಳ ಅಳೆಯಿರಿ. ಒಂದರ ಆಳ ಮಿಕ್ಕವಕ್ಕಿಂತ ಕಡಿಮೆ ಬಂದರೆ ಅಲ್ಲಿಗೆ ನಿಲ್ಲಿಸಿ, ಬಲ್ಲ ಗನ್‌ಸ್ಮಿತ್‌ಗೆ (ಬಂದೂಕು ರಿಪೇರಿಗಾರನಿಗೆ) ಒಪ್ಪಿಸಿ.

ಮುದ್ರೆ ಮತ್ತು ಸಂಖ್ಯೆ ಓದುವುದು

ಮಿಕ್ಕದ್ದನ್ನೆಲ್ಲ ಅವಸರದಲ್ಲಿ ಮುಗಿಸಿದರೂ ಇಲ್ಲಿ ನಿಧಾನಿಸಿ. ಒಂದು ಕಾಗದದಲ್ಲಿ ಆಯುಧದ ಎಡ, ಬಲ, ಮೇಲೆ, ಕೆಳಗೆ, ಹಿಡಿಕೆಯ ತಳ ಎಂದು ಐದು ಭಾಗ ಮಾಡಿ, ಕಂಡ ಪ್ರತಿ ಮುದ್ರೆಯನ್ನೂ ಕಂಡಂತೆಯೇ ಬರೆದುಕೊಳ್ಳಿ. ಅರ್ಥ ಆಮೇಲೆ ಹುಡುಕಿದರಾಯಿತು.

ಭಾಗಗಳ ಮೇಲಿನ ಎಲ್ಲ ಸಂಖ್ಯೆ ಒಂದಕ್ಕೊಂದು ಹೊಂದಿದರೆ ಒಳ್ಳೆಯದು, ಹೊಂದದಿದ್ದರೆ ಕೆಟ್ಟದ್ದು ಎಂಬ ಮಾತನ್ನು ಹೊಸಬರು ಮಂತ್ರದಂತೆ ಜಪಿಸುತ್ತಾರೆ. ಅದು ಅರ್ಧ ಸತ್ಯ. ಕೋಲ್ಟ್ ಸಿಂಗಲ್ ಆಕ್ಷನ್ 1873ನ್ನೇ ನೋಡಿ. ಏಳೂವರೆ ಇಂಚಿನ ಅಶ್ವದಳದ ಕೋಲ್ಟ್‌ಗಳನ್ನು 1895ರಿಂದ 1903ರ ನಡುವೆ ವಾಪಸು ತರಿಸಿ, ನಳಿಗೆಯನ್ನು ಐದೂವರೆ ಇಂಚಿಗೆ ಕತ್ತರಿಸಿ ಮತ್ತೆ ಹಂಚಿದರು; ಸಂಗ್ರಾಹಕರು ಇವನ್ನು ‘ಆರ್ಟಿಲರಿ’ (ಫಿರಂಗಿದಳ) ಎನ್ನುತ್ತಾರೆ. ಬಿಚ್ಚಿದ ಭಾಗಗಳನ್ನು ರಾಶಿ ಹಾಕಿ ಕೈಗೆ ಸಿಕ್ಕಿದ್ದನ್ನು ಜೋಡಿಸಿದ್ದರಿಂದ ಹೆಚ್ಚಿನವುಗಳಲ್ಲಿ ಸಂಖ್ಯೆಗಳು ಬೆರಕೆ. ಇಲ್ಲಿ ಬೆರಕೆಯೇ ಸಹಜ. ಎಲ್ಲವೂ ಹೊಂದುವ ಆರ್ಟಿಲರಿ ಎದುರಾದರೆ ಹಿಗ್ಗುವ ಮೊದಲು ಪುರಾವೆ ಕೇಳಿ, ಏಕೆಂದರೆ ಅಶ್ವದಳದ ಕೋಲ್ಟ್‌ನ ನಳಿಗೆಯನ್ನು ಆಮೇಲೆ ಯಾರೋ ಕತ್ತರಿಸಿದ್ದೂ ಹಾಗೆಯೇ ಕಾಣುತ್ತದೆ.

1917ರ ಅಮೆರಿಕನ್ ಮಾದರಿಯಲ್ಲಿ ಇನ್ನೊಂದು ಗೊಂದಲ. ಅದನ್ನು ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಎರಡೂ ಮಾಡಿದವು. ಕೋಲ್ಟ್‌ನ ಹಿಡಿಕೆಯ ತಳದಲ್ಲಿರುವುದು ಸೇನೆಯ ಸಂಖ್ಯೆ. ಕಾರ್ಖಾನೆಯ ಸಂಖ್ಯೆ ಬೇರೆ, ಅದು ಸಿಲಿಂಡರ್ ತೆರೆದಾಗ ಫ್ರೇಮ್‌ನಲ್ಲೂ ಸಿಲಿಂಡರ್ ಹೊತ್ತ ತೋಳಾದ ಕ್ರೇನ್‌ನಲ್ಲೂ ಕಾಣುತ್ತದೆ. ಎರಡೂ ಒಂದೇ ಅಲ್ಲ ಎಂದು ಗಾಬರಿಯಾಗಬೇಕಿಲ್ಲ. ಸ್ಮಿತ್ ಅಂಡ್ ವೆಸನ್‌ನಲ್ಲಾದರೆ ತಳದ ಸಂಖ್ಯೆಯೇ ಕಾರ್ಖಾನೆಯದು. ಅದು ಸಿಲಿಂಡರ್‌ನ ಹಿಂಬದಿಯಲ್ಲಿ, ನಳಿಗೆಯ ಅಡಿಯಲ್ಲಿ ಮತ್ತೆ ಬರಬೇಕು. ಅದೇ ಕಂಪನಿಯ ಎರಡನೇ ಮಹಾಯುದ್ಧದ ವಿಕ್ಟರಿ ಮಾದರಿಯಲ್ಲಿ ಸಂಖ್ಯೆಯ ಮುಂದೆ ‘ವಿ’ ಅಕ್ಷರವಿರುತ್ತದೆ, ಬಲ ಹಿಡಿಕೆಯ ಮರದ ಒಳಮೈಯಲ್ಲೂ ಸಂಖ್ಯೆ ಹುಡುಕಿ. ಹ್ಯಾಮರ್ ತಡೆಯನ್ನು ಸುಧಾರಿಸಿದ ಮೇಲೆ ‘ಎಸ್’ ಅಕ್ಷರವೂ ಸೇರಿತು.

ನಗಾಂನಲ್ಲಿ ನೋಡಬೇಕಾದ್ದು ಪುನರ್ನವೀಕರಣದ ಗುರುತು: ಓರೆಗೆರೆ ಎಳೆದ ಪುಟ್ಟ ಚೌಕಟ್ಟು. ಅದಿದ್ದರೆ ಸೋವಿಯತ್ ಕಾರ್ಖಾನೆ ಬಿಚ್ಚಿ, ಬಣ್ಣ ಕಟ್ಟಿ, ಭಾಗಗಳ ಮೇಲೆ ಸಂಖ್ಯೆಯನ್ನು ವಿದ್ಯುತ್ ಲೇಖನಿಯಿಂದ ಗೀಚಿದೆ ಎಂದರ್ಥ. ಗೀಚಿದ ಸಂಖ್ಯೆ ಮೋಸವಲ್ಲ, ಮೂಲವೂ ಅಲ್ಲ. ಹಳೆಯ ಸಂಖ್ಯೆಯನ್ನು ಅರೆದು ಮೇಲೆ ಹೊಸದನ್ನು ಹೊಡೆದಿದ್ದರೆ ಆ ಜಾಗ ಬೆಳಕಿಗೆ ಓರೆಯಾಗಿ ಹಿಡಿದಾಗ ತಗ್ಗಾಗಿ ಕಾಣುತ್ತದೆ. ಪುನರ್ನವೀಕರಣದ ಮುದ್ರೆಯೇ ಇಲ್ಲದ, ಮುಟ್ಟದೆ ಉಳಿದ ತ್ಸಾರ್ ಕಾಲದ ನಗಾಂ ಸಿಕ್ಕರೆ ಅದರ ತೂಕವೇ ಬೇರೆ.

ಬ್ರಿಟಿಷ್ ಆಯುಧಗಳಲ್ಲಿ ಅಗಲ ಬಾಣದ ಗುರುತು ಸರ್ಕಾರದ ಒಡೆತನ. ಎರಡು ಬಾಣಗಳು ತುದಿಗೆ ತುದಿ ತಾಗಿಸಿ ನಿಂತಿದ್ದರೆ ಸೇವೆಯಿಂದ ಮಾರಿಬಿಟ್ಟದ್ದು. ಅದರ ಪಕ್ಕದಲ್ಲೇ ಲಂಡನ್ ಅಥವಾ ಬರ್ಮಿಂಗ್‌ಹ್ಯಾಮ್‌ನ ನಾಗರಿಕ ಪರೀಕ್ಷಾ ಮುದ್ರೆ ಬಂದಿರುತ್ತದೆ. ಅಲ್ಲಿ ಮಾರಾಟವಾದ ಅಮೆರಿಕನ್ ರಿವಾಲ್ವರ್‌ಗಳ ಮೇಲೆ ‘ನಾಟ್ ಇಂಗ್ಲಿಷ್ ಮೇಕ್’ ಎಂದೂ ಹೊಡೆದಿರುವುದುಂಟು. ಅಂದಗೆಡಿಸಿತು ಎಂದು ಗೊಣಗುವವರಿದ್ದಾರೆ. ಆದರೆ ಆಯುಧ ಎಲ್ಲೆಲ್ಲಿ ಸುತ್ತಿತು ಎಂಬುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಬೇಕೆ? ಜರ್ಮನ್ 1879, 1883ರಲ್ಲಿ ಹಿಡಿಕೆಯ ಹಿಂಬದಿಯ ಲೋಹದಲ್ಲಿ ರೆಜಿಮೆಂಟಿನ ಗುರುತು, ಕಂಪನಿ, ಆಯುಧದ ಕ್ರಮಾಂಕ ಸಾಲಾಗಿರುತ್ತವೆ. ಫ್ರೆಂಚ್ 1873ರಲ್ಲಿ ನಳಿಗೆಯ ಬಲಕ್ಕೆ ತಯಾರಿಕೆಯ ವರ್ಷ, ಮುಂದೆ ಸೇಂಟ್ ಎಟಿಯೆನ್ ಕಾರ್ಖಾನೆಯ ‘ಎಸ್’.

ಸುಳ್ಳು ಮುದ್ರೆ ಹಿಡಿಯುವುದು ಭೂತಗನ್ನಡಿಯ ಕೆಲಸ. ಕಾರ್ಖಾನೆ ಮುದ್ರೆ ಹೊಡೆದು, ಮೇಲೆದ್ದ ಅಂಚನ್ನು ನಯಗೊಳಿಸಿ, ಆಮೇಲೆ ಬಣ್ಣ ಕಟ್ಟುತ್ತಿತ್ತು. ಹಾಗಾಗಿ ಅಕ್ಷರದ ತಳದಲ್ಲೂ ಅದೇ ಬಣ್ಣವಿರುತ್ತದೆ, ಅಂಚು ಸಮತಟ್ಟಾಗಿರುತ್ತದೆ. ಆಮೇಲೆ ಹೊಡೆದದ್ದಾದರೆ ಅಕ್ಷರದ ಸುತ್ತ ಲೋಹ ದಿಬ್ಬದಂತೆ ಎದ್ದಿರುತ್ತದೆ, ತಳ ಬಿಳಿಯಾಗಿರುತ್ತದೆ ಅಥವಾ ಕಪ್ಪು ಬಳಿದಂತಿರುತ್ತದೆ. ಸುತ್ತಲೂ ತುಕ್ಕಿನ ಗುಂಡಿಗಳಿದ್ದು ಅಕ್ಷರ ಅವುಗಳ ಮೇಲೆ ಚೊಕ್ಕಟವಾಗಿ ಹಾದುಹೋಗಿದ್ದರೆ ಬೇರೆ ಸಾಕ್ಷಿ ಬೇಡ. ಆದರೆ ಒಂದು ಎಚ್ಚರ: ರೆಜಿಮೆಂಟಿನ ಮುದ್ರೆ ಹಂಚಿಕೆಯ ಸಮಯದಲ್ಲಿ, ಬಣ್ಣ ಕಟ್ಟಿದ ಮೇಲೆ ಹೊಡೆದದ್ದು. ಅದರ ಅಂಚು ತುಸು ಎದ್ದಿರುವುದು ಸಹಜ, ಹೊಳಪು ಮಾತ್ರ ಇರಬಾರದು.

ಮೈಬಣ್ಣ ನೋಡುವುದು

ಮುದ್ರೆ ಓದಿದ ಕಣ್ಣಿನಲ್ಲೇ ಮೈ ನೋಡಿ. ಮರುಬಣ್ಣ ಕಟ್ಟಿದ ಆಯುಧವನ್ನು ಅದಕ್ಕೂ ಮೊದಲು ಚಕ್ರಕ್ಕೆ ಹಿಡಿದು ಹೊಳಪು ಮಾಡಿರುತ್ತಾರೆ, ಗುರುತು ಬಿಡುವುದು ಆ ಚಕ್ರ. ಸ್ಕ್ರೂ ರಂಧ್ರದ ಅಂಚು ಬಟ್ಟಲಿನಂತೆ ತಗ್ಗುತ್ತದೆ, ಚೂಪಾಗಿರಬೇಕಾದ ಏಣು ದುಂಡಗಾಗುತ್ತದೆ, ಮುದ್ರೆಗಳು ಒಂದು ಬದಿಗೆ ಮಸುಕಾಗುತ್ತವೆ, ತುಕ್ಕಿನ ಗುಂಡಿಯೊಳಗೂ ಹೊಸ ನೀಲಿ ಕಾಣುತ್ತದೆ. ಸಹಜ ಸವೆತ ಎಲ್ಲಿ ಚರ್ಮದ ಚೀಲ ಉಜ್ಜುತ್ತದೋ ಅಲ್ಲಿ ಇರುತ್ತದೆ: ನಳಿಗೆಯ ತುದಿ, ಸಿಲಿಂಡರ್‌ನ ಅಂಚು, ಹಿಡಿಕೆಯ ಮುಂಬದಿ. ಮರದ ಹಿಡಿಕೆಯ ಸವೆತವೂ ಲೋಹದ ಸವೆತಕ್ಕೆ ಒಪ್ಪಬೇಕು. ಲೋಹ ನುಣ್ಣಗೆ ಸವೆದು ಹಿಡಿಕೆಯ ಗೀರುಚೌಕಗಳು ಮುಳ್ಳಿನಂತೆ ಚೂಪಾಗಿದ್ದರೆ ಹಿಡಿಕೆ ಬೇರೆ ಮನೆಯಿಂದ ಬಂದದ್ದು. ಎಲ್ಲ ಆಯುಧಕ್ಕೂ ನೀಲಿ ಬಣ್ಣ ಇರಲೇಬೇಕೆಂದಿಲ್ಲ. ಫ್ರೆಂಚ್ 1873 ಮೂಲದಲ್ಲೇ ಬಿಳಿ ಉಕ್ಕು, ಅಧಿಕಾರಿಗಳ 1874 ಮಾತ್ರ ನೀಲಿ. ‘ಬಣ್ಣ ಹೋಗಿದೆ’ ಎಂದು 1873ಕ್ಕೆ ಬಣ್ಣ ಕಟ್ಟಿ ಹಾಳುಮಾಡಿದವರಿಗೆ ಕೊರತೆಯಿಲ್ಲ.

ನಳಿಗೆಯ ಉದ್ದವನ್ನು ಬಾಯಿಯಿಂದ ಸಿಲಿಂಡರ್‌ಗೆ ಎದುರಾದ ಹಿಂತುದಿಯವರೆಗೆ ಅಳೆಯಿರಿ, ಸಿಲಿಂಡರ್ ಸೇರಿಸಬೇಡಿ. ವೆಬ್ಲಿ ಮಾರ್ಕ್ 6 ಆದರೆ 152 ಮಿ.ಮೀ., ಎನ್‌ಫೀಲ್ಡ್ ನಂಬರ್ 2 ಆದರೆ 127, 1917ರ ಎರಡೂ ಮಾದರಿ 140, ನಗಾಂ ಸುಮಾರು 114. ಕಡಿಮೆ ಬಂದರೆ, ಮುಂದಿನ ಗುರಿಮೊಳೆಯ ಬುಡದಲ್ಲಿ ಬೆಸುಗೆಯ ಗುರುತು ಕಂಡರೆ ಯಾರೋ ಕತ್ತರಿಸಿದ್ದಾರೆ.

ಯಂತ್ರಭಾಗದ ಪರೀಕ್ಷೆ

ಮಾಲೀಕರ ಅನುಮತಿ ಪಡೆದೇ ಶುರುಮಾಡಿ. ಖಾಲಿ ಆಯುಧದ ಟ್ರಿಗರ್ ಎಳೆದು ಹ್ಯಾಮರ್ ಬೀಳಿಸಬೇಡಿ. ತೋಟಾಗೆ ಚುಚ್ಚುವ ಹಳೆಯ ಪಿನ್ನು ಮುರಿದರೆ ಬದಲಿ ಸಿಗುವುದು ಕಷ್ಟ. ಹ್ಯಾಮರ್ ಮೇಲೆ ಹೆಬ್ಬೆರಳಿಟ್ಟು ನಿಧಾನ ಇಳಿಸಿ, ಅಥವಾ ಅಳತೆಗೆ ಸರಿಯಾದ ಡಮ್ಮಿ ತೋಟಾ ಹಾಕಿ.

ಒಂದು, ಕಾಲಮೇಳ. ಹ್ಯಾಮರ್ ಅನ್ನು ಬಲು ನಿಧಾನ ಎಳೆಯುತ್ತಾ ಇನ್ನೊಂದು ಕೈಯ ಬೆರಳಿನಿಂದ ಸಿಲಿಂಡರ್‌ಗೆ ಹಗುರ ತಡೆ ಕೊಡಿ. ಹ್ಯಾಮರ್ ಪೂರ್ತಿ ನಿಲ್ಲುವಷ್ಟರಲ್ಲಿ ಸಿಲಿಂಡರ್ ಬೀಗಕ್ಕೆ ಬಿದ್ದಿರಬೇಕು. ಬೀಳದಿದ್ದರೆ ಸಿಲಿಂಡರ್ ತಿರುಗಿಸುವ ಒಳಗಿನ ಸನ್ನೆಯೋ ಅದು ತಾಗುವ ಹಲ್ಲೋ ಸವೆದಿದೆ. ಪ್ರತಿ ಗೂಡಿಗೂ ಬೇರೆಬೇರೆಯಾಗಿ ಮಾಡಿ, ಒಂದೇ ಹಲ್ಲು ಸವೆದಿರುವುದೂ ಉಂಟು.

ಎರಡು, ಬಿಗಿ. ಟ್ರಿಗರ್ ಹಿಂದಕ್ಕೆ ಹಿಡಿದು, ಹ್ಯಾಮರ್ ಇಳಿದ ಸ್ಥಿತಿಯಲ್ಲಿ ಸಿಲಿಂಡರ್ ಅಲುಗಾಡಿಸಿ. ಪಕ್ಕಕ್ಕೆ ತುಸು ಅಲುಗಿದರೆ ಸೇನೆಯ ಆಯುಧದಲ್ಲಿ ಮಾಮೂಲು. ಹಿಂದೆ ಮುಂದೆ 0.1 ಮಿ.ಮೀ. ದಾಟಿ ಸರಿದರೆ ಸವೆತ. ಜಪಾನಿನ ಟೈಪ್ 26 ಇದಕ್ಕೆ ಹೊರತು. ಟ್ರಿಗರ್ ಬಿಟ್ಟಾಗ ಅದರ ಸಿಲಿಂಡರ್ ಬೀಗವಿಲ್ಲದೆ ಸಲೀಸಾಗಿ ತಿರುಗುತ್ತದೆ, ಅದು ಹುಟ್ಟುದೋಷ. ಕೆಟ್ಟಿದೆ ಎಂದು ರಿಪೇರಿಗೆ ಇಳಿಯಬೇಡಿ.

ಮೂರು, ನಳಿಗೆಗೂ ಸಿಲಿಂಡರ್‌ಗೂ ನಡುವಿನ ಸಂದು. ಫೀಲರ್ ಗೇಜ್‌ನಲ್ಲಿ 0.10ರಿಂದ 0.20 ಮಿ.ಮೀ. ಬಂದರೆ ಚೆನ್ನ, 0.30 ದಾಟಿದರೆ ಬಹಳ ಸವೆದಿದೆ. ನಗಾಂನಲ್ಲಿ ಹ್ಯಾಮರ್ ಇಳಿದಾಗ ಸಂದು ಕಣ್ಣಿಗೇ ಕಾಣುತ್ತದೆ, ಎಳೆದಾಗ ಮುಚ್ಚಿಕೊಳ್ಳಬೇಕು. ಮುಚ್ಚಿಕೊಳ್ಳದಿದ್ದರೆ ಸಿಲಿಂಡರ್ ತಳ್ಳುವ ಭಾಗ ಸವೆದಿದೆ ಅಥವಾ ಬೇರೆ ಆಯುಧದ ಸಿಲಿಂಡರ್ ಹಾಕಿದ್ದಾರೆ.

ನಾಲ್ಕು, ನಡು ಬಾಗುವವುಗಳ ಕೀಲು. ಮುಚ್ಚಿ ಬೀಗ ಹಾಕಿ, ಒಂದು ಕೈಯಲ್ಲಿ ಹಿಡಿಕೆ ಇನ್ನೊಂದರಲ್ಲಿ ನಳಿಗೆ ಹಿಡಿದು ಮೇಲೆ ಕೆಳಗೆ, ಪಕ್ಕಕ್ಕೆ ಅಲುಗಿಸಿ. ಸದ್ದು ಬಂದರೆ ಕೀಲಿನ ಸ್ಕ್ರೂವೋ ಮೇಲಿನ ಕೊಂಡಿಯೋ ಸಡಿಲ. ವೆಬ್ಲಿಯಲ್ಲಿ ಇನ್ನೊಂದು ನೋಡಲೇಬೇಕು. .455 ತೋಟಾ ವಿರಳವಾದಾಗ ಅಮೆರಿಕದಲ್ಲಿ ಬಹಳಷ್ಟು ವೆಬ್ಲಿಗಳ ಸಿಲಿಂಡರ್‌ನ ಹಿಂಬದಿಯನ್ನು ಅರೆದು, ತೋಟಾಗಳನ್ನು ಹಿಡಿದಿಡುವ ಅರೆಚಂದ್ರದ ಕ್ಲಿಪ್‌ನೊಡನೆ .45 ಎಸಿಪಿ ತೋಟಾ ಹಿಡಿಯುವಂತೆ ಮಾಡಿದರು. ಅರೆದದ್ದರಲ್ಲಿ ಸಿಲಿಂಡರ್‌ಗೂ ಹಿಂಗೋಡೆಗೂ ನಡುವೆ ಸಂದು ಹೆಚ್ಚು, ಹಿಂಬದಿಯ ಮುದ್ರೆಗಳೂ ಮಾಯ. ಸಂಗ್ರಹದ ಬೆಲೆ ಅಲ್ಲಿಗೆ ಕುಸಿಯಿತು. ಸಾಲದ್ದಕ್ಕೆ .45ರ ಒತ್ತಡ .455ರದಕ್ಕಿಂತ ಬಹಳ ಹೆಚ್ಚು, ಆ ಸಿಲಿಂಡರ್‌ಗೆ ಅದು ಹೊರೆ.

ಬ್ರಿಟನ್ನಿಗೆ ಹೋದ ವಿಕ್ಟರಿ ಮಾದರಿಗೂ ಇಂಥದೇ ಗತಿ. ಅದು .38 ಸ್ಮಿತ್ ಅಂಡ್ ವೆಸನ್ ತೋಟಾದ್ದು. ಯುದ್ಧದ ನಂತರ ಹಲವನ್ನು .38 ಸ್ಪೆಷಲ್‌ಗೆ ಹೊಂದಲೆಂದು ಗೂಡು ಉದ್ದ ಕೊರೆದರು. ಆದರೆ ಹಳೆಯ ತೋಟಾ ಸುಮಾರು 9.8 ಮಿ.ಮೀ. ದಪ್ಪ, ಸ್ಪೆಷಲ್ ಸುಮಾರು 9.6. ಅಗಲ ಗೂಡಿನಲ್ಲಿ ತೆಳು ತೋಟಾ ಹೊಟ್ಟೆ ಉಬ್ಬಿ ಸೀಳುತ್ತದೆ. ಗೂಡಿನೊಳಗೆ ದೀಪ ಬಿಟ್ಟರೆ ಎರಡು ಮೆಟ್ಟಿಲು ಕಾಣುವುದೇ ಇದರ ಗುರುತು.

ನಳಿಗೆಯ ಒಳಮೈ

ಎಣ್ಣೆ ಸವರಿದ ನಳಿಗೆ ಎಲ್ಲವನ್ನೂ ಮುಚ್ಚಿಡುತ್ತದೆ, ಒಣ ಬಟ್ಟೆ ಹಾಯಿಸಿಯೇ ನೋಡಿ. ಕರಿಮದ್ದಿನ ಕಾಲದವುಗಳಲ್ಲಿ ಮಂಕು, ಚಿಕ್ಕ ಗುಂಡಿ ಇರುವುದು ನಿರೀಕ್ಷಿತ. ಹೆದರಬೇಕಾದ್ದು ಕಪ್ಪು ಉಂಗುರ ಕಂಡರೆ. ಒಂದು ಗುಂಡು ಒಳಗೆ ಸಿಕ್ಕಿ, ಹಿಂದೆಯೇ ಇನ್ನೊಂದು ಹಾರಿ, ನಳಿಗೆ ಉಬ್ಬಿದಲ್ಲಿ ಆ ಉಂಗುರ ಮೂಡುತ್ತದೆ. ಹೊರಮೈಯಲ್ಲಿ ಬೆರಳಾಡಿಸಿದರೆ ದಿಬ್ಬ ಸಿಗಬಹುದು.

ಹಾರಿಸಿ ನೋಡಲೇ ಎಂಬ ಆಸೆ ಎಲ್ಲರಿಗೂ ಬರುತ್ತದೆ. ಕರಿಮದ್ದಿಗೆಂದು ಮಾಡಿದ ಉಕ್ಕು ಹೊಗೆರಹಿತ ಮದ್ದಿನ ಒತ್ತಡ ತಡೆಯಲಾರದು. 1890ರ ಆಸುಪಾಸಿನವು ಯಾವ ಮದ್ದಿಗೆ ತಾಳುತ್ತವೆ ಎಂಬುದು ಮಾದರಿಯಿಂದ ಮಾದರಿಗೆ ಬೇರೆ. ಬಲ್ಲ ಗನ್‌ಸ್ಮಿತ್ ಪರೀಕ್ಷಿಸಿ ಹೇಳದೆ, ಕಾನೂನು ಒಪ್ಪದೆ, ಬೇಡ. ಎಷ್ಟೋ ದೇಶಗಳಲ್ಲಿ ಹಾರಿಸುವ ಉದ್ದೇಶ ಬಂದ ಕೂಡಲೇ ಆಂಟಿಕ್ ವಿನಾಯಿತಿಯೇ ತಪ್ಪಿಹೋಗುತ್ತದೆ.

ಮನೆಗೆ ಬಂದ ಮೇಲೆ: ಎಷ್ಟು ಬಿಚ್ಚಬೇಕು, ಎಷ್ಟು ಉಜ್ಜಬೇಕು

ಮೊದಲು ಫೋಟೊ, ಆಮೇಲೆ ಕೈ. ಹಿಡಿಕೆಯ ಮರ ತೆಗೆಯುವಾಗ ಅಂಚಿಗೆ ಅಲಗು ತೂರಿಸಿ ಎಬ್ಬಬೇಡಿ, ತೆಳುವಾದ ತುದಿ ಚಕ್ಕೆ ಎದ್ದುಹೋಗುತ್ತದೆ. ಸ್ಕ್ರೂವನ್ನು ಕೆಲವು ಸುತ್ತು ಸಡಿಲಿಸಿ, ಅದರ ತಲೆಯನ್ನೇ ಮೆತ್ತಗೆ ಒತ್ತಿ. ಆಚೆ ಬದಿಯ ಮರ ತಾನಾಗಿ ಎದ್ದುಬರುತ್ತದೆ. ಒಳಯಂತ್ರ ಮುಚ್ಚುವ ಪಕ್ಕದ ತಗಡಿಗೂ ಇದೇ ನೀತಿ: ಸ್ಕ್ರೂ ತೆಗೆದು ಮರದ ಹಿಡಿಯಿಂದ ಫ್ರೇಮ್‌ಗೆ ಹಗುರ ತಟ್ಟಿದರೆ ಅದುರಿಗೆ ತಗಡು ಮೇಲೇಳುತ್ತದೆ. ಸ್ಕ್ರೂ ಕಚ್ಚಿಕೊಂಡಿದ್ದರೆ ಒಳಹೋಗುವ ಎಣ್ಣೆ ಬಿಟ್ಟು ಒಂದು ದಿನ ಕಾಯಿರಿ, ಎರಡನೇ ದಿನವೂ ಬಾರದಿದ್ದರೆ ಹಾಗೇ ಬಿಡಿ. ಒಳಗೆ ಏನಿದೆ ಎಂಬ ಕುತೂಹಲಕ್ಕೆ ಸ್ಕ್ರೂವಿನ ತಲೆ ಬಲಿ ಕೊಡಬೇಕಿಲ್ಲ. ಬಿಚ್ಚಲು ಸಲೀಸಾದವೂ ಇವೆ. ಆಸ್ಟ್ರಿಯಾದ 1898ರ ಎಂಟು ತೋಟಾದ ರಾಸ್ಟ್ ಅಂಡ್ ಗಾಸರ್, ಫ್ರಾನ್ಸ್‌ನ 1892, ಟೈಪ್ 26 ಮೂರರಲ್ಲೂ ಪಕ್ಕದ ತಗಡು ಬಾಗಿಲಿನಂತೆ ತೆರೆದು ಒಳಯಂತ್ರ ಪೂರ್ತಿ ತೋರಿಸುತ್ತದೆ.

ಉಗ್ರಾಣದ ಗ್ರೀಸ್ ಗಟ್ಟಿಯಾಗಿ ಕಂದುಬಣ್ಣಕ್ಕೆ ತಿರುಗಿರುತ್ತದೆ. ಮರ ತೆಗೆದಿಟ್ಟು, ಲೋಹವನ್ನು ಗಾಳಿಯಾಡುವ ಕಡೆ, ಬೆಂಕಿಯಿಂದ ದೂರ, ಮಿನರಲ್ ಟರ್ಪೆಂಟೈನ್‌ನಲ್ಲಿ ನೆನೆಸಿ ಮೆತ್ತನೆ ಬ್ರಶ್‌ನಿಂದ ತೊಳೆಯಿರಿ. ಕುದಿಸಬೇಡಿ. ನಳಿಗೆಯಲ್ಲಿ ಹಳೆಯ ಮದ್ದಿನ ಉಪ್ಪು ಉಳಿದಿರುವ ಶಂಕೆಯಿದ್ದರೆ ಎಣ್ಣೆ ಏನೂ ಮಾಡದು. ತೋಟಾದ ಬುಡದಲ್ಲಿ ಕಿಡಿ ಕೊಡುವ ಹಳೆಯ ಪ್ರೈಮರ್‌ಗಳು ಬಿಟ್ಟುಹೋಗುವುದು ಪೊಟ್ಯಾಸಿಯಂ ಕ್ಲೋರೈಡ್, ಅದು ಅಡುಗೆ ಉಪ್ಪಿನಂತೆ ನೀರಿನಲ್ಲಿ ಮಾತ್ರ ಕರಗುತ್ತದೆ ಮತ್ತು ಗಾಳಿಯ ತೇವ ಹೀರಿ ಎಣ್ಣೆಯಡಿಯಲ್ಲೇ ತುಕ್ಕು ಹಿಡಿಸುತ್ತದೆ. ಬಿಸಿನೀರಿನಲ್ಲಿ ನೆನೆದ ಬಟ್ಟೆ ನಾಲ್ಕಾರು ಸಲ ಹಾಯಿಸಿ, ತಕ್ಷಣ ಒಣಗಿಸಿ, ಆಮೇಲೆ ಎಣ್ಣೆ.

ತುಕ್ಕಿನಲ್ಲಿ ಎರಡು ಜಾತಿ. ಕಂದು-ಕಪ್ಪಾಗಿ ಗಟ್ಟಿ ಕೂತದ್ದು ಕಾಲದ ಲೇಪ, ಅದನ್ನು ಮುಟ್ಟಬೇಡಿ. ಬೆರಳಿಗೆ ಕೆಂಪು ಪುಡಿ ಹತ್ತುವುದು ಜೀವಂತ ತುಕ್ಕು, ಅದು ಮಾತ್ರ ಹೋಗಬೇಕು. ಹಗುರ ಎಣ್ಣೆ ಹಚ್ಚಿ ಒಂದೆರಡು ದಿನ ಬಿಟ್ಟು, ಕಂಚಿನ ಉಣ್ಣೆಯಿಂದ ಅಥವಾ ತಾಮ್ರದ ಚೂರಿನ ಅಂಚಿನಿಂದ ಹಗುರವಾಗಿ ಕೆರೆದು ಒರೆಸಿ. ಬಟ್ಟೆಗೆ ಕೆಂಪು ಹತ್ತದವರೆಗೆ ಮರಳಿ ಮಾಡಿ. ಮರಳು ಕಾಗದ, ಚಕ್ರ, ವಿನೆಗರ್, ಆಮ್ಲದ ತುಕ್ಕುನಾಶಕ ಯಾವುದೂ ಬೇಡ. ನೀಲಿ ಬಣ್ಣವೂ ಕಬ್ಬಿಣದ ಆಕ್ಸೈಡೇ. ತುಕ್ಕು ಕರಗಿಸುವ ಆಮ್ಲ ಅದನ್ನೂ ಬಿಡುವುದಿಲ್ಲ, ನಿಮಿಷಗಳಲ್ಲಿ ಮೈ ಬೂದುಬಣ್ಣಕ್ಕೆ ತಿರುಗುತ್ತದೆ. ನಿಕ್ಕಲ್ ಲೇಪದ ಮೇಲೆ ಅಮೋನಿಯಾ ಇರುವ ದ್ರಾವಣ ಬಳಸಿದರೆ ಅದು ಬಿರುಕಿನೊಳಗಿಂದ ಇಳಿದು ಅಡಿಯ ತಾಮ್ರವನ್ನು ತಿಂದು ಲೇಪ ಸುಲಿಯುತ್ತದೆ.

ಮರಕ್ಕೆ ತುಸು ಒದ್ದೆ ಬಟ್ಟೆ, ಒಣಗಿದ ಮೇಲೆ ತೆಳು ಮೇಣ, ಅಷ್ಟೇ. ಗಟ್ಟಿ ರಬ್ಬರಿನ ಕಪ್ಪು ಹಿಡಿಕೆ ಬಿಸಿಲಿಗೆ ಕಂದಾಗುತ್ತದೆ, ನೀರಿಗೂ ಸ್ಪಿರಿಟ್‌ಗೂ ಕೆಡುತ್ತದೆ. ಒಣ ಬಟ್ಟೆಯಿಂದ ಒರೆಸಿ ಕತ್ತಲಲ್ಲಿಡಿ.

ಇಡುವುದು

ಮುಟ್ಟುವಾಗಲೆಲ್ಲ ಕೈಗವಸು. ಬೆವರಿನ ಉಪ್ಪು ಬೆರಳಚ್ಚಿನ ಆಕಾರದಲ್ಲೇ ತುಕ್ಕು ಎಬ್ಬಿಸುತ್ತದೆ. ಪ್ರದರ್ಶನಕ್ಕಿಡುವುದಕ್ಕೆ ಎಣ್ಣೆಗಿಂತ ಮೈಕ್ರೋಕ್ರಿಸ್ಟಲೈನ್ ಮೇಣ ಮೇಲು. ಎಣ್ಣೆ ಇಳಿದು ಮರಕ್ಕೆ ಸೇರುತ್ತದೆ, ದೂಳನ್ನೂ ಕರೆಯುತ್ತದೆ. ಮೇಣವನ್ನು ಬಟ್ಟೆಗೆ ಚೂರು ತೆಗೆದು ತೆಳುವಾಗಿ ಸವರಿ, ಕೆಲವು ನಿಮಿಷ ಬಿಟ್ಟು ಒಣ ಹತ್ತಿಯಿಂದ ತಿಕ್ಕಿ. ಒಳಯಂತ್ರಕ್ಕೆ ಮಾತ್ರ ಒಂದೆರಡು ಹನಿ ಎಣ್ಣೆ. ಹ್ಯಾಮರ್ ಇಳಿದಿರಲಿ, ಸ್ಪ್ರಿಂಗ್‌ಗೆ ವಿಶ್ರಾಂತಿ ಬೇಕು.

ತೇವಾಂಶ 40ರಿಂದ 50 ಶೇಕಡಾ ಇರಲಿ, ಅದಕ್ಕಿಂತ ಮುಖ್ಯವಾಗಿ ಏರಿಳಿಯದಿರಲಿ. ಲೋಹಕ್ಕೆ ಒಣಹವೆ ಇಷ್ಟ, ಆದರೆ ಮರ ಅತಿಯಾಗಿ ಒಣಗಿದರೆ ಕುಗ್ಗಿ ಸೀಳುತ್ತದೆ. ಪೆಟ್ಟಿಗೆಯೊಳಗೊಂದು ತೇವಮಾಪಕ, ಪಕ್ಕದಲ್ಲಿ ಸಿಲಿಕಾ ಜೆಲ್ ಇಡಿ. ಜೆಲ್‌ನ ಬಣ್ಣ ಬದಲಾದಾಗ ಸುಮಾರು 120 ಡಿಗ್ರಿ ಸೆಲ್ಸಿಯಸ್‌ನಲ್ಲಿ ಒಣಗಿಸಿ ಮತ್ತೆ ಬಳಸಬಹುದು. ಸ್ಪಂಜಿನ ಒಳಪದರವಿರುವ ಪೆಟ್ಟಿಗೆ ಪ್ರಯಾಣಕ್ಕೆ ಮಾತ್ರ, ಸ್ಪಂಜು ತೇವ ಹಿಡಿದಿಡುತ್ತದೆ.

ಎಲ್ಲಕ್ಕಿಂತ ಸಾಮಾನ್ಯವಾದ ತಪ್ಪು, ರಿವಾಲ್ವರ್ ಅನ್ನು ಅದರದೇ ಹಳೆಯ ಚರ್ಮದ ಚೀಲದಲ್ಲಿ ಇಡುವುದು. ಹದಮಾಡಿದ ಚರ್ಮದಲ್ಲಿ ಆಮ್ಲವೂ ಲವಣವೂ ತೇವವೂ ಇರುತ್ತವೆ. ಕೆಲವೇ ತಿಂಗಳಲ್ಲಿ ಲೋಹಕ್ಕೆ ಚೀಲದ ಆಕಾರದ ತುಕ್ಕು, ಹಿತ್ತಾಳೆಯ ಗುಂಡಿಗೆ ಹಸಿರು ಕಿಲುಬು. ಚೀಲವನ್ನು ಬೇರೆಯಾಗಿ, ಆಮ್ಲರಹಿತ ಕಾಗದ ತುಂಬಿ ಆಕಾರ ಉಳಿಸಿ ಇಡಿ, ಎಣ್ಣೆ ಹಚ್ಚಬೇಡಿ. ಚೀಲದ ಮೇಲಿನ ತಯಾರಕರ ಮುದ್ರೆ, ವರ್ಷ, ಘಟಕದ ಗುರುತನ್ನೂ ಬರೆದಿಡಿ. ಆಯುಧಕ್ಕೂ ಚೀಲಕ್ಕೂ ಒಂದೇ ಘಟಕದ ಗುರುತು ಬಂದರೆ ಜೋಡಿಯ ಬೆಲೆ ಬಿಡಿಬಿಡಿಯದಕ್ಕಿಂತ ಬಹಳ ಮೇಲೆ.

ದಾಖಲೆ

ಪ್ರತಿ ಆಯುಧಕ್ಕೂ ಒಂದು ಹಾಳೆ: ಮಾದರಿ, ಕಾರ್ಖಾನೆ, ವರ್ಷ, ಎಲ್ಲೆಲ್ಲಿ ಯಾವ ಸಂಖ್ಯೆ, ನಳಿಗೆಯ ಉದ್ದ, ಸಂದಿನ ಅಳತೆ, ಕೊಂಡ ದಿನ, ಯಾರಿಂದ, ಪರವಾನಗಿಯ ವಿವರ, ನೀವು ಮಾಡಿದ ಪ್ರತಿ ಕೆಲಸ. ಎರಡೂ ಬದಿ ಮತ್ತು ಪ್ರತಿ ಮುದ್ರೆಯ ಫೋಟೊವನ್ನು ಅಳತೆಪಟ್ಟಿಯೊಡನೆ, ಬೆಳಕು ಓರೆಯಾಗಿ ಬೀಳುವಂತೆ ತೆಗೆಯಿರಿ. ನೇರ ಫ್ಲಾಶ್ ಮುದ್ರೆಯನ್ನು ನುಂಗುತ್ತದೆ. ಈ ದಾಖಲೆಯ ಒಂದು ನಕಲನ್ನು ಆಯುಧಗಳಿರುವ ಕಟ್ಟಡದಿಂದ ಹೊರಗಿಡಿ. ಕೋಲ್ಟ್ ಮತ್ತು ಸ್ಮಿತ್ ಅಂಡ್ ವೆಸನ್ ಆಯುಧಗಳಿಗೆ ಶುಲ್ಕ ಕಟ್ಟಿ ಕಾರ್ಖಾನೆಯ ಕಡತದಿಂದ ಪತ್ರ ತರಿಸಬಹುದು. ಯಾವ ದಿನ ಯಾರಿಗೆ ರವಾನೆಯಾಯಿತು, ಆಗ ನಳಿಗೆ ಎಷ್ಟುದ್ದ, ಬಣ್ಣ ಯಾವುದು ಎಂಬುದು ಅದರಲ್ಲಿರುತ್ತದೆ. ಪತ್ರದಲ್ಲಿ ನೀಲಿ ಎಂದಿದ್ದು ಕೈಯಲ್ಲಿರುವುದು ನಿಕ್ಕಲ್ ಆಗಿದ್ದರೆ ಆ ಲೇಪ ಆಮೇಲೆ ಬಂದದ್ದು. ಪತ್ರವನ್ನೂ ಹಾಳೆಯ ಜೊತೆಗೇ ಹೊಲಿದಿಡಿ, ಮಾರುವಾಗ ಮುಚ್ಚಿಡಬೇಡಿ.